ಐದನೆಯ ಬಿಲ್ಲೆ

ತಂಗಿ ಪಿಂಗಾಣಿ ಬಿಲ್ಲೆಗಳನ್ನು ಒರೆಸುತ್ತಿದ್ದಳು. ತಂತಿಯ ವಿದ್ಯುತ್ತು ಕಂಬಕ್ಕೆ ಹರಿಯದಂತೆ ತಡೆಯುವ ಈ ಬಿಲ್ಲೆಗಳ ತೂಕವನ್ನು ಅರ್ಧಕ್ಕಿಳಿಸಲು ಅಣ್ಣ ಮೂರು ವರ್ಷ ಹೆಣಗಿದ್ದ. ಎರಡು ಸಲ ಪರೀಕ್ಷೆಯಲ್ಲಿ ಒಡೆದಿದ್ದವು. ಇವತ್ತು ಕಂಬದ ಮೇಲೇರಿಸಿ ನೋಡುವುದೇ ಕೊನೆಯ ಪರೀಕ್ಷೆ. ಒರೆಸಿದ್ದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಅವಳ ರೂಢಿ. ನಾಲ್ಕು ಬಿಲ್ಲೆ ಕಂಚಿನಂತೆ ಠಣ್ ಎಂದವು. ಐದನೆಯದು ಒಡಕು ಮಡಕೆಯಂತೆ ಬದ್ ಎಂದಿತು. ಬಿರುಕು ಬಿಟ್ಟ ಬಿಲ್ಲೆ ಕಂಬ ಹತ್ತಿದವನ ಜೀವ ತೆಗೆಯುತ್ತದೆ.

"ಏನಮ್ಮಾ ನಾದಿನಿ, ಪಾತ್ರೆ ಉಜ್ಜೋದು ಇನ್ನೂ ಮುಗೀಲಿಲ್ವಾ?" ಸೊಂಟಪಟ್ಟಿ ಬಿಗಿದುಕೊಂಡು ಬಾಗಿಲಲ್ಲಿ ನಿಂತಿದ್ದ ಲೈನ್‌ಮನ್ ಭಾವ ನಕ್ಕ. "ಕಂಬ ಹತ್ತೋನು ನಾನು, ಬೆವರ್ತಿರೋನು ನಿಮ್ಮಣ್ಣ!"

ಅವಳು ಅಣ್ಣನನ್ನೇ ನೋಡುತ್ತಾ ಐದನೆಯದನ್ನು ಮತ್ತೆ ತಟ್ಟಿದಳು. ಅಣ್ಣ ಬೆಚ್ಚಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಅದನ್ನು ಕಸಿದು ಉಳಿದವುಗಳ ಜೊತೆ ಚೀಲಕ್ಕೆ ಹಾಕಿದ. "ಬೇರೆ ಇಲ್ಲ ಕಣೇ," ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಸುಮ್ನಿರು, ನಿನ್ ಕಾಲಿಗೆ ಬೀಳ್ತೀನಿ."

ಭಾವ ಚೀಲವನ್ನು ಹೆಗಲಿಗೇರಿಸಿದ. ಅವನೆದುರು ಎಂದೂ ತಲೆಯೆತ್ತಿ ಮಾತಾಡದವಳು ಓಡಿ ಹೋಗಿ ಚೀಲದ ಪಟ್ಟಿ ಹಿಡಿದುಕೊಂಡಳು.

"ಅಣ್ಣಾ, ನಿಂಗೆ ಗೊತ್ತಿರೋದನ್ನ ಭಾವನಿಗೆ ಹೇಳು."

ಭಾವನ ನಗು ಮುಖದಲ್ಲೇ ನಿಂತಿತು. ಅವನು ಚೀಲವನ್ನು ಹೆಗಲಿನಿಂದ ಕೆಳಗಿಳಿಸಿದ.