ಗೆದ್ದ ದಿನದ ಸಂಜೆ

ಆ ಬೆಳಗ್ಗೆ ಮಂಜು ಶಾಲೆಯ ಕಿಟಕಿಗೇ ಬಂದು ಕೂತಿತ್ತು. ಮುಖ್ಯೋಪಾಧ್ಯಾಯಿನಿ ಪ್ರತಿ ವರ್ಷವೂ ಬರೆಯುವ ಸಾಲನ್ನೇ ಕರಿಹಲಗೆಯ ಮೇಲೆ ಬರೆದು, ಈ ಸಲ ಗಂಟೆಯನ್ನೂ ಸೇರಿಸಿದರು: ‘ಇತಿಹಾಸದಲ್ಲಿ ಈ ದಿನ: ಬೆಳಗ್ಗೆ ಆರಕ್ಕೆ ಯುದ್ಧ ಮುಗಿಯಿತು. ನಾವು ಗೆದ್ದೆವು.’ ಕೆಳಗೆ ಎಂದಿನ ಹಿತವಚನ: ‘ಉಪ್ಪು ಕಡಿಮೆ ತಿನ್ನಿ.’

“ನಿಮ್ಮ ಮಾತು ಕೇಳಿ ಮಕ್ಕಳು ನನ್ನ ಅಡುಗೆಗೆ ಮೂತಿ ತಿರುಗಿಸ್ತಾವೆ ಟೀಚರಮ್ಮ,” ಎಂದು ನಗುತ್ತ ಬಂದ ಅಡುಗೆಯಮ್ಮ ಮೇಲಿನ ಸಾಲು ಓದಿ ನಿಂತುಬಿಟ್ಟರು. “ಬೆಳಗ್ಗೇನೇ ಮುಗೀತಾ?”

“ಹೌದಮ್ಮ. ಯಾಕೆ?”

“ನನ್ನ ಮಗ ಗುಂಡು ತಿಂದಿದ್ದು ಅವತ್ತು ಸಂಜೆ. ಗಡಿಯಲ್ಲಿ ಅವನಿಗೆ ಯಾರೂ ಹೇಳ್ಲೇ ಇಲ್ವಾ?”

ಹನ್ನೆರಡು ವರ್ಷ ಈ ಸಾಲಿಗೆ ಮಕ್ಕಳಿಂದ ಚಪ್ಪಾಳೆ ಹೊಡೆಸಿದ್ದ ಮುಖ್ಯೋಪಾಧ್ಯಾಯಿನಿ, ‘ಗೆದ್ದೆವು’ ಎಂಬುದನ್ನು ಅಂಗೈಯಲ್ಲೇ ಒರೆಸಿ, ಅವನ ಹೆಸರಿಗೆ ಜಾಗ ಬಿಟ್ಟು, ಸೀಮೆಸುಣ್ಣವನ್ನು ಮೆಲ್ಲಗೆ ಆ ತಾಯಿಯ ಕೈಗಿಟ್ಟರು.