ಅಳತೆಗೆ ಹೊಲಿದ ದೆವ್ವ

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳುತ್ತಿದ್ದಂತೆ ವಿಜಯಶ್ರೀ ಹೊಲಿಗೆ ಯಂತ್ರ ನಿಲ್ಲಿಸಿ, ಈ ಸಲದ ದೆವ್ವಕ್ಕೆ ಎಷ್ಟು ವಯಸ್ಸಿರಬೇಕೆಂದು ಯೋಚಿಸಿದಳು.

ಶ್ರೀಗಂಧದ ಕಾವಲ್‌ನ ಆ ಮಹಡಿ ಮನೆಗೆ ಅವಳು ಬಾಡಿಗೆಗೆ ಬಂದು ಐದು ವರ್ಷ. ಮಾಲೀಕ ಶಿವಕಿರಣ್ ಈಗ ಅದನ್ನು ಮಾರಲು ಹೊರಟಿದ್ದ. ನೋಡಲು ಬಂದವರು ಮೊದಲು ಕೇಳುವುದು ಒಂದೇ, ಇವರು ಯಾವಾಗ ಖಾಲಿ ಮಾಡ್ತಾರೆ? ಹಳಬರನ್ನು ಬಿಡಿಸಿ, ಬಣ್ಣ ಹೊಡೆಸಿ, ಹೊಸಬರಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟರಷ್ಟೇ ಅವರಿಗೆ ಗಿಟ್ಟುವುದು. ಗಂಡನನ್ನು ಬಿಟ್ಟು ಬಂದ ಒಂಟಿ ಹೆಂಗಸಿಗೆ ಬೇರೆ ಮನೆ ಸಿಗುವುದು ಅಷ್ಟರಲ್ಲೇ ಇದೆ. ರವಿಕೆ ಹೊಲಿಸುವ ಗಿರಾಕಿಗಳೆಲ್ಲ ಇದೇ ಬೀದಿಯವರು. ಮನೆ ಹೋದರೆ ಅನ್ನವೂ ಹೋಯಿತು.

ಹಾಗಾಗಿ ದೆವ್ವ.

ರವಿಕೆಯಂತೆಯೇ ಅದನ್ನೂ ಅವಳು ಗಿರಾಕಿಯ ಅಳತೆಗೆ ಹೊಲಿಯುತ್ತಿದ್ದಳು. ಹೊಸ ಜೋಡಿ ಬಂದರೆ ಅಳುವ ಕೂಸು. ವ್ಯಾಪಾರಸ್ಥ ಬಂದರೆ ದಿವಾಳಿಯಾಗಿ ನೇಣು ಹಾಕಿಕೊಂಡವನು. ಕೆಟ್ಟ ನಕ್ಷತ್ರದಲ್ಲಿ ಸಾವಾಗಿ, ಶಾಸ್ತ್ರದ ಪ್ರಕಾರ ಮೂರು ತಿಂಗಳು ಬೀಗ ಬಿದ್ದಿದ್ದ ಮನೆ ಎಂಬುದು ಮಾತ್ರ ಎಲ್ಲರಿಗೂ ಒಂದೇ. ನಾಲ್ಕು ಪಾರ್ಟಿಗಳು ತಿರುಗಿ ನೋಡದೆ ಹೋಗಿದ್ದವು. ಬ್ರೋಕರ್ ಮುನಿಯಪ್ಪ ಪಾಪ, ವಾಸ್ತು ಸರಿಯಿಲ್ಲ ಎಂದುಕೊಂಡಿದ್ದ. ಆದರೆ ಹೇಳಿ ಹೇಳಿ ಈಚೆಗೆ ವಿಜಯಶ್ರೀಗೂ ಮುಸ್ಸಂಜೆಯಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ಕೂರಲು ಆಗುತ್ತಿರಲಿಲ್ಲ.

ಬಂದವರು ರಾಚಪ್ಪ, ಹನುಮವ್ವ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ರಾಚಪ್ಪ ಆರು ವರ್ಷದ ಹಿಂದೆ ಹೆಂಡತಿಯೊಡನೆ ಗದಗ ಬಿಟ್ಟು ಬಂದವನು. ನಂದಿನಿ ಲೇಔಟ್‌ನಲ್ಲಿ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದಾನೆ, ಇದು ಎರಡನೆಯದು ಎಂದು ಮುನಿಯಪ್ಪ ಮೊದಲೇ ಹೇಳಿದ್ದ. ಮುನಿಯಪ್ಪ ಫೋನ್ ಹಿಡಿದು ಕೆಳಗೇ ಉಳಿದ.

ರಾಚಪ್ಪ ಗಟ್ಟಿ ಆಳು. ಗೋಡೆ ಬಡಿದು ನೋಡಿದ, ನಲ್ಲಿ ತಿರುಗಿಸಿದ, ಟೇಪು ಹಿಡಿದು ಕೋಣೆ ಅಳೆದ.

"ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತದ್ರಿ? ಇಲ್ಲೆ ಸೋರಿದ್ಹಂಗ ಐತಲ್ಲ?"

ಇವನು ಹೆದರುವ ಪೈಕಿಯಲ್ಲ. ವಿಜಯಶ್ರೀ ಹನುಮವ್ವನನ್ನು ಅಡುಗೆಮನೆಗೆ ಕರೆದಳು.

"ಅಮ್ಮ, ಹೇಳಬಾರದು. ನಿಮ್ಮ ಮುಖ ನೋಡಿ ಹೇಳ್ತಾ ಇದೀನಿ. ನಂಗಿಂತ ಮುಂಚೆ ಇಲ್ಲಿ ಒಬ್ಬಳು ಹುಡುಗಿ ಇದ್ಲಂತೆ, ಒಬ್ಬಳೇ. ಇಲ್ಲೇ ತೀರ್ಕೊಂಡ್ಲು. ಮೂರು ತಿಂಗಳು ಮನೆಗೆ ಬೀಗ. ಓನರ್‌ನ ಕೇಳಿದ್ರೆ ಇಲ್ಲ ಅಂತಾರೆ. ಮಾರಬೇಕಲ್ಲ."

"ನೀವು ನೋಡೀರೇನು?"

"ದಿನಾ. ದೀಪ ಹಚ್ಚೋ ಹೊತ್ತಿಗೆ ಬರ್ತಾಳೆ. ನಂಗೆ ಮಾತ್ರ ಕಾಣ್ಸೋದು."

ಬೇರೆಯವರು ಈ ಮಾತಿಗೆ ಬಾಗಿಲ ಕಡೆ ನೋಡುತ್ತಿದ್ದರು. ಹನುಮವ್ವ ನೆಲದ ಮೇಲೆ ಕುಳಿತುಬಿಟ್ಟಳು.

"ಎಷ್ಟು ವಯಸ್ಸಿನಾಕಿ? ಇಪ್ಪತ್ತು?"

"ಅಷ್ಟೇ ಇರಬಹುದು."

"ಎತ್ತರಕ್ಕದಾಳೇನು?"

"ಎತ್ತರಾನೇ."

"ಜಡಿ ಹಾಕ್ತಾಳೋ, ಕೂದಲಾ ಬಿಟ್ಟಿರ್ತಾಳೋ?"

ವಿಜಯಶ್ರೀಗೆ ಒಳಗೇ ಅಳುಕಾಯಿತು. ದೆವ್ವಗಳ ಲಕ್ಷಣ ಬಲ್ಲ ಹೆಂಗಸಿರಬೇಕು. ಯಾವುದನ್ನು ಬಿಡಿಸಬಹುದು, ಯಾವುದು ಬಿಡುವುದಿಲ್ಲ ಎಂದು ತೂಗುತ್ತಿದ್ದಾಳೆ. ಮಂತ್ರವಾದಿಯನ್ನು ಕರೆತಂದರೆ ಕಷ್ಟ. ಆದರೂ ಕೈಬಿಡಲಿಲ್ಲ. ಗಿರಾಕಿಯ ಉಸಿರು ನೋಡುತ್ತಾ ಹೋದರೆ ಉತ್ತರ ಪ್ರಶ್ನೆಯಲ್ಲೇ ಸಿಗುತ್ತದೆ.

"ಜಡೆ."

"ಎಡಗೈ ರೂಢಿ ಐತೇನು ಅಕಿಗೆ?"

"ಎಲ್ಲಾ ಎಡಗೈಲೇ ಅಮ್ಮ. ಪಾತ್ರೆ ತೆಗೆಯೋದೂ ಎಡಗೈಲೇ."

ಹನುಮವ್ವನ ತುಟಿ ನಡುಗಿತು. ಅವಳಿಗೆ ಈಗ ಹೆದರಿಕೆ ಹತ್ತಿತು ಎಂದು ವಿಜಯಶ್ರೀ ಸಮಾಧಾನಪಟ್ಟಳು.

ರಾಚಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಬಿಚ್ಚಿದ ಟೇಪು ಕಾಲ ಬಳಿ ಬಿದ್ದಿತ್ತು.

"ಸಾಕ ಏಳು," ಎಂದು ಹೆಂಡತಿಗೆ ಗದರಿದ. ಆದರೆ ತಾನೇ ಕದಲಲಿಲ್ಲ. ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದ. "ಅಳ್ತಾಳೇನ್ರಿ?"

ದೆವ್ವದ ಬಾಯಲ್ಲಿ ಅಮ್ಮಾ ಎನ್ನಿಸಬೇಕೆಂದಿದ್ದಳು ವಿಜಯಶ್ರೀ. ಕೇಳುವವರು ಗದಗದವರು ಎಂದು ನೆನಪಾಗಿ ತಿದ್ದಿಕೊಂಡಳು.

"ಅಳಲ್ಲ. ಅವ್ವಾ ಅಂತಾಳೆ. ಅಷ್ಟೇ."

ರಾಚಪ್ಪ ಮತ್ತೇನನ್ನೂ ಅಳೆಯಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಇಬ್ಬರೂ ಬೀದಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ವಿಜಯಶ್ರೀ ಯಂತ್ರದ ಮುಂದೆ ಕುಳಿತಳು. ಐದನೇ ಪಾರ್ಟಿಯೂ ಹೋಯಿತು. ಖುಷಿಯಾಗಬೇಕಿತ್ತು, ಯಾಕೋ ಆಗಲಿಲ್ಲ.

ಎಂಟನೇ ದಿನ ಮುನಿಯಪ್ಪನ ಫೋನ್ ಬಂತು.

"ಅಕ್ಕಾ, ಆ ಗದಗದವ್ರೇ ತಗೊಂಡ್ರು. ಚೌಕಾಸಿನೇ ಇಲ್ಲ, ಓನರ್ ಕೇಳಿದ ರೇಟಿಗೇ! ಸಂಜೆ ನಿಮ್ಮನ್ನ ನೋಡೋಕ್ ಬರ್ತಾರಂತೆ."

ಖಾಲಿ ಮಾಡಿಸುವುದಕ್ಕಲ್ಲದೆ ಇನ್ನೇತಕ್ಕೆ? ಸಂಜೆ ಗಂಡಹೆಂಡಿರು ಬಂದಾಗ ವಿಜಯಶ್ರೀ ಬಾಗಿಲಲ್ಲೇ ಕೈ ಮುಗಿದಳು. ರಾಚಪ್ಪ ಹೊರಗೆ ಮೆಟ್ಟಿಲ ಮೇಲೆ ತಲೆತಗ್ಗಿಸಿ ಕುಳಿತ. ಹನುಮವ್ವ ಒಳಗೆ ಬಂದಳು.

"ಎರಡು ತಿಂಗಳು ಟೈಮ್ ಕೊಡಿ ಅಮ್ಮ. ಅವತ್ತು ನಾನು ಹೇಳಿದ್ದು..."

"ನೀ ಮನಿ ಬಿಡೂದು ಬ್ಯಾಡ ತಂಗಿ. ಬಾಡಿಗಿನೂ ಬ್ಯಾಡ. ಎಷ್ಟು ವರ್ಷಾದ್ರೂ ಇರು."

ವಿಜಯಶ್ರೀಗೆ ಕಣ್ಣು ತುಂಬಿ ಬಂತು. ಹೇಳಲು ಹೊರಟಿದ್ದ ನಿಜವನ್ನು ಅಲ್ಲಿಗೇ ಬಿಟ್ಟಳು. ದೇವರೇ ಕಣ್ಣು ಬಿಟ್ಟನೆಂದುಕೊಂಡಳು. ಬೀದಿ ದೀಪಗಳು ಹತ್ತಿಕೊಂಡವು. ಹನುಮವ್ವ ಸೆರಗು ಸರಿಪಡಿಸಿಕೊಂಡು, ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ಒಳಗಿನ ಕತ್ತಲನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ಆರು ವರ್ಷ ಈ ಊರಾಗ ಓಣಿ ಓಣಿ ಹುಡುಕೇವಿ, ನನ್ನ ಮಗಳಿಗೆ ಹೇಳು ತಂಗಿ, ಅವ್ವ ಬಂದಾಳ ಅಂತ."