ಗಡಿಕಲ್ಲಿನ ಬುಟ್ಟಿ

ಮತ್ತೊಂದು ಬುಟ್ಟಿ ಕಳುವಾಗಿತ್ತು.

ಫೋನ್ ಕೆಳಗಿಟ್ಟ ತಹಸೀನ್ ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ಕಡೆಯಿಂದ ಮಾತಾಡಿದವಳು ಬೇಗೂರಿನಾಚೆಯ ಹಳ್ಳಿಯ ಮಲ್ಲಿಗಮ್ಮ. ಅವಳ ಮಗಳು ಕುಮಾರಿ ತುಂಬು ಬಸುರಿ. ಹೆರಿಗೆಗೆಂದು ತವರಿಗೆ ಬಂದವಳು ಜ್ವರ ಹಿಡಿದು ಮಲಗಿದ್ದಳು. ಔಷಧಿ ಇವತ್ತೂ ಬರಲಿಲ್ಲ ಎಂದು ಹೇಳುವುದಕ್ಕೇ ಆಕೆ ಅಂಗಡಿಯ ಕಾಯಿನ್ ಫೋನಿನವರೆಗೆ ನಡೆದು ಬಂದಿದ್ದಳು.

“ನಮ್ಮೂರ್ಗೆ ಕೆಟ್ಟ ಕಾಲ ಕಣವ್ವ,” ಎಂದಿದ್ದಳು. “ಒಂದ ದಾಟಿಸೋದ್ರೊಳ್ಗೆ ಇನ್ನೊಂದು ಬತ್ತದೆ.”

ಬಡವರ ಕಷ್ಟವೆಂದರೆ ಹಾಗೇ ಅಲ್ಲವೇ ಎಂದುಕೊಂಡಳು ತಹಸೀನ್.

ಅದು 2009, ಹಂದಿಜ್ವರದ ವರ್ಷ. ಟೀವಿ ನೋಡಿ ನೋಡಿ ಹೆದರಿದ್ದ ಗುಂಡ್ಲುಪೇಟೆಯಲ್ಲಿ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿ ಒಂದು ಸಹಾಯ ಸಮಿತಿ ಕಟ್ಟಿದ್ದರು. ಸಮಿತಿ ಎಂದ ಮೇಲೆ ಮೊದಲು ಬ್ಯಾನರ್ ಬಂತು, ಕೆಲಸ ಆಮೇಲೆ ಬಂತು. ಬಂದ ಕೆಲಸವೆಲ್ಲ ತಹಸೀನಳ ಟೈಲರ್ ಅಂಗಡಿಗೆ ಬಂತು. ಅವಳು ಮಾಸ್ಕ್ ಹೊಲಿದಳು. ಅಣ್ಣ ಸೊಹೈಲ್ ತನ್ನ ಆಟೋಗೆ ಮೈಕ್ ಕಟ್ಟಿಕೊಂಡು, ಜ್ವರ ಬಂದವರು ಯಾರಿಗೆ ಫೋನ್ ಮಾಡಬೇಕು, ಔಷಧಿ ಎಲ್ಲಿ ಸಿಗುತ್ತದೆ ಎಂದು ಸಂಜೆ ಸಂಜೆ ಸಾರಿ ಬರುತ್ತಿದ್ದ. ಸಂತೆಯ ವ್ಯಾಪಾರಿಯೊಬ್ಬರು ಶರಬತ್ತಿಗೆ ಆಗಲಿ ಎಂದು ನಿಂಬೆಹಣ್ಣು ಕೊಟ್ಟಿದ್ದರು.

ಉಳಿದ ಹಳ್ಳಿಯವರು ತಾವೇ ಬಂದು ಬೇಕಾದ್ದು ಒಯ್ಯುತ್ತಿದ್ದರು. ಮಲ್ಲಿಗಮ್ಮನ ಊರಿನವರು ಮಾತ್ರ ದಾರಿಗೆ ಮುಳ್ಳು ಹಾಕಿಕೊಂಡು ಕುಳಿತಿದ್ದರು. ಪಟ್ಟಣದವರು ಬಂದರೆ ಜ್ವರ ತರುತ್ತಾರೆ, ಆಂಬುಲೆನ್ಸ್ ಹತ್ತಿದವರು ಮೈಸೂರಿನಿಂದ ತಿರುಗಿ ಬರುವುದಿಲ್ಲ ಎಂಬುದು ಅವರ ನಂಬಿಕೆ. ಹಾಗಾಗಿ ಮೇಷ್ಟ್ರು ಒಂದು ನಿಯಮ ಮಾಡಿದರು. ಊರೊಳಗೆ ಕಾಲಿಡಬಾರದು, ಮೈಕ್ ಕೂಗಿ ಜನ ಸೇರಿಸಬಾರದು, ಬೆಳಕು ಹರಿಯುವ ಹೊತ್ತಿಗೆ ಸದ್ದಿಲ್ಲದೆ ಗಡಿಕಲ್ಲಿನ ಹತ್ತಿರ ಇಟ್ಟು ಬರಬೇಕು. ಇಟ್ಟದ್ದು ಏನು, ಹೇಗಿದೆ ಎಂದು ಅವರು ಒಮ್ಮೆಯೂ ನೋಡಲಿಲ್ಲ. ಅವರದು ಸಭೆಯ ಕೆಲಸ.

ರಟ್ಟಿನ ಡಬ್ಬ ತುಂತುರು ಮಳೆಗೆ ನೆನೆಯುತ್ತದೆಂದು ತಹಸೀನಳ ತಾಯಿ ಕರೀಮುನ್ನೀಸಾ ಬಿದಿರಿನ ಬುಟ್ಟಿ ತಂದುಕೊಟ್ಟರು. ಮಾತ್ರೆ, ನಿಂಬೆಹಣ್ಣು, ಗ್ಲೂಕೋಸು ತುಂಬಿ, ಇರುವೆ ಮುತ್ತಬಾರದೆಂದು ಮೇಲೆ ಬೇವಿನ ಸೊಪ್ಪು ಮುಚ್ಚಿದರು. ಹೊಲಕ್ಕೆ ಹೋಗುವವರಿಗೆ ದೂರದಿಂದಲೇ ಕಾಣಲಿ ಎಂದು ಸೊಹೈಲ್ ಒಂದು ಕೆಂಪು ಬಟ್ಟೆ ಕಟ್ಟಿದ. ಎಲ್ಲರೂ ತಲೆ ಓಡಿಸಿದ್ದರು.

ಮೊದಲ ಬುಟ್ಟಿ ಕಾಣೆಯಾದಾಗ ಕೋತಿಗಳನ್ನು ಬೈದರು. ಎರಡನೆಯದಕ್ಕೆ ನಾಯಿಗಳನ್ನು ಬೈದರು. ಈಗ ಬೈಯಲು ಮನುಷ್ಯರೇ ಉಳಿದಿದ್ದರು. ಕಳ್ಳನನ್ನು ಹಿಡಿಯಿರಿ, ಇಲ್ಲದಿದ್ದರೆ ಆ ಊರಿಗೆ ಇನ್ನು ಬುಟ್ಟಿ ಬೇಡ ಎಂದುಬಿಟ್ಟರು ಮೇಷ್ಟ್ರು.

ತಹಸೀನ್ ಆಸ್ಪತ್ರೆಗೆ ಓಡಿದಳು. ಬಸುರಿಯರಿಗೆ ಈ ಜ್ವರ ಬಂದರೆ ತಡಮಾಡುವಂತಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಮೊದಲೇ ಹೇಳಿದ್ದರು. ಅವಳು ಕಾಡಿ ಬೇಡಿದ್ದಕ್ಕೆ ಕುಮಾರಿಯ ಹೆಸರಿನಲ್ಲಿ ಮತ್ತೊಮ್ಮೆ ಮಾತ್ರೆ ಕೊಟ್ಟರು. ಇದೂ ಹೋದರೆ ತನ್ನ ಬಳಿ ಇನ್ನಿಲ್ಲ ಎಂದರು. ಅವಳು ಮಲ್ಲಿಗಮ್ಮನಿಗೆ ಸುದ್ದಿ ಮುಟ್ಟಿಸಿದಳು: ಬೆಳಿಗ್ಗೆ ಔಷಧಿ ಗಡಿಕಲ್ಲಿನ ಹತ್ತಿರವೇ ಇರುತ್ತದೆ, ಯಾರನ್ನಾದರೂ ಕಳಿಸಿ.

ಮರುದಿನ ಬೆಳಗಾಗುವಾಗ ಬುಟ್ಟಿ ಇಟ್ಟು, ಅಣ್ಣ ತಂಗಿ ಹುಣಸೆಮರದ ಹಿಂದೆ ನಿಂತರು. ಆಟೋ ಮರೆಯಲ್ಲಿತ್ತು.

ಕಂಬಳಿ ಹೊದ್ದ ಮುದುಕನೊಬ್ಬ ಬಂದ. ಗಡಿಕಲ್ಲಿನ ಸುತ್ತ ಏನನ್ನೋ ಹುಡುಕಿದ. ಬುಟ್ಟಿ ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಆಚೀಚೆ ನೋಡಿದ. ಚಪ್ಪಲಿ ಬಿಟ್ಟು, ಬುಟ್ಟಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ಊರಿನ ಕಡೆಗಲ್ಲ, ಚೆಂಡುಹೂವಿನ ಹೊಲದ ಬದುವಿನ ಮೇಲೆ ಬೇರೆ ದಿಕ್ಕಿಗೆ ಬಿರಬಿರನೆ ನಡೆದ.

ಸೊಹೈಲ್ ಕೂಗಿದ. ಮುದುಕ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಮತ್ತೆ ಕೂಗಿದಾಗ ಓಡತೊಡಗಿದ. ಪ್ರಾಮಾಣಿಕನಾಗಿದ್ದರೆ ಒಂದು ಮಾತಾದರೂ ಆಡುತ್ತಿರಲಿಲ್ಲವೇ ಎಂದು ಹಲ್ಲು ಕಡಿಯುತ್ತ ಸೊಹೈಲ್ ಹಿಂದೆ ಓಡಿದ. ಕೆಸರಿನಲ್ಲಿ ಜಾರಿ, ಮೊಣಕಾಲು ತರಚಿಕೊಂಡು ಹೂವಿನ ನಡುವೆ ಬಿದ್ದ. ತಹಸೀನ್ ಅವನನ್ನು ಎಬ್ಬಿಸುವಷ್ಟರಲ್ಲಿ ಮುದುಕ ಹಳ್ಳ ದಾಟಿದ್ದ. ಅಲ್ಲಿಂದಾಚೆ ಇನ್ನೊಂದು ಊರಿನ ಜಮೀನು. ಅವನು ಬುಟ್ಟಿಯನ್ನು ಅಲ್ಲಿ ಇಳಿಸಿ, ಹಳ್ಳದಲ್ಲಿ ಕೈಕಾಲು ತೊಳೆದು ಬರಿಗೈಯಲ್ಲಿ ಹಿಂದಿರುಗಿದ.

ಅಷ್ಟರಲ್ಲಿ ಆಚೆ ಊರಿನಿಂದ ಇನ್ನೊಬ್ಬ ಬಂದ. ಅವನೂ ಚಪ್ಪಲಿ ಬಿಟ್ಟ, ಬುಟ್ಟಿ ಹೊತ್ತ, ತಿರುಗಿ ನೋಡದೆ ಓಡಿ ಮೆಕ್ಕೆಜೋಳದ ಹೊಲದೊಳಗೆ ಮರೆಯಾದ.

ಇದು ಒಬ್ಬನ ಕೆಲಸವಲ್ಲ, ದೊಡ್ಡ ಜಾಲವೇ ಇದೆ ಎಂದ ಸೊಹೈಲ್. ಪೊಲೀಸರಿಗೆ ಹೇಳೋಣ ಎಂದ. ತಹಸೀನಳಿಗೆ ಸಿಟ್ಟು ನೆತ್ತಿಗೇರಿತ್ತು. ಬಸುರಿಯ ಬಾಯಿಗೆ ಬೀಳಬೇಕಾದ ಮಾತ್ರೆಯನ್ನು ಕದ್ದು ಸಾಗಿಸುವವನು, ಅದೂ ಈ ವಯಸ್ಸಿನಲ್ಲಿ. ಅವಳು ಬದುವಿನ ಮೇಲೆ ಅಡ್ಡ ನಿಂತಳು. ನಿಮಗೂ ಹೆಣ್ಣು ಮಕ್ಕಳಿಲ್ಲವೇ ಎಂದು ಕೇಳಬೇಕೆಂದು ಬಾಯಿ ತೆರೆದಳು.

ಅವಳ ಮುಖದ ಮಾಸ್ಕ್ ಕಂಡ ಮುದುಕನ ಕಣ್ಣು ಅರಳಿತು. ಆಸ್ಪತ್ರೆಯ ಕಡೆಯವರೇ ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ದೂರದಲ್ಲೇ ನಿಂತು ಕೈ ಮುಗಿದ.

“ಹತ್ರ ಬರಬ್ಯಾಡಿ ಕಣವ್ವ, ಮಾರಿ ಬುಟ್ಟಿ ಮುಟ್ಟಿದ ಕೈ, ಯಾವೂರೋರೋ ಅವರೂರ ಬ್ಯಾನೆನೆಲ್ಲ ತುಂಬ್ಕಂಡು ದಿನಾ ನಮ್ ಗಡೀಲಿ ಮಡಗ್ಬುಟ್ಟು ಓಯ್ತಾವ್ರೆ, ಇವತ್ತಿಂದೂವೆ ಆಚೆ ಊರ್ಗೆ ದಾಟಿಸ್ಬುಟ್ಟು ಬಂದೆ, ನಾನು ಲಿಂಗಯ್ಯ, ಕುಮಾರಿ ಅಪ್ಪ, ಎಲ್ಲವ್ವ ನನ್ ಮಗಳ ಔಷ್ದಿ?”